ನಾಲ್ಕರ ನಂತರ ಏಳನೇ ಪುಟ

ಒಂಬತ್ತನೇ ತಾರೀಕು, ಸೋಮವಾರ, ಸಂಜೆ

ಮುನಿಸಿಕೊಂಡು ಕೂತಿರುವ ನನ್ನ ಚಿನ್ನುವಿಗೆ,

ಫೋನು ನೀನು ತೆಗೆಯುವುದಿಲ್ಲ. ಕಾಗದ ಬರಿ, ಅದನ್ನಾದರೂ ಓದುತ್ತಾಳೆ ಅಂತ ನಿನ್ನನ್ನು ಮನೆಯಲ್ಲಿಟ್ಟುಕೊಂಡಿರುವ ನಿನ್ನ ಚಿಕ್ಕಮ್ಮ ಅಂದಳು. ಹೇಳಬೇಕಾದ್ದನ್ನು ಮೊದಲೇ ಹೇಳಿಬಿಡುತ್ತೇನೆ: ನೀನು ಹೇಳಿದ್ದು ನಿಜ. ನಿನ್ನ ಪ್ರಶ್ನೆಪತ್ರಿಕೆಯಲ್ಲಿ, ಓದಿ ಉತ್ತರಿಸಬೇಕಾದ ಆ ಪಾಠದ ಹಾಳೆಯೇ ಇರಲಿಲ್ಲ.

ಶುಕ್ರವಾರ ನಮ್ಮ ಪ್ರೆಸ್ಸಿಗೆ, ನಾವೇ ಅಚ್ಚು ಹಾಕಿ ಕಳಿಸಿದ್ದ, ಪರೀಕ್ಷೆಯಲ್ಲಿ ಮಿಕ್ಕ ಪ್ರಶ್ನೆಪತ್ರಿಕೆಗಳು ರದ್ದಿಗೆಂದು ವಾಪಸು ಬಂದವು. ಒಂದು ಕಟ್ಟಿನ ಮೇಲೆ ನೀನು ಪರೀಕ್ಷೆ ಬರೆದ ಕೊಠಡಿಯ ನಂಬರಿತ್ತು. ಒಂದು ಪ್ರತಿ ಎಳೆದು ಸುಮ್ಮನೆ ತಿರುವಿದೆ. ನಾಲ್ಕನೇ ಪುಟ ಆದಮೇಲೆ ಏಳನೆಯದು. ಅದರಲ್ಲಿ ‘ಹಿಂದಿನ ಪಾಠವನ್ನು ಓದಿ ಉತ್ತರಿಸಿ’ ಅಂತ ಹತ್ತು ಪ್ರಶ್ನೆ. ಹಿಂದೆ ಪಾಠವೇ ಇಲ್ಲ! ಉಳಿದಿದ್ದ ಆರೂ ಪ್ರತಿ ಹಾಗೇ. ಅಲ್ಲೇ ಕಾಗದದ ರಾಶಿಯ ಮೇಲೆ ಕುಸಿದು ಕೂತೆ.

ಆವತ್ತು ನೀನು ಮನೆಗೆ ಬಂದು, “ಅಮ್ಮಾ, ಪುಟಾನೇ ಇರ್ಲಿಲ್ಲ, ಅದಕ್ಕೇ ಹತ್ತೂ ಬಿಟ್ಟೆ” ಅಂದೆ. ಕೊಠಡಿಯ ಉಳಿದ ಮೂವತ್ತೆಂಟು ಮಕ್ಕಳಿಗೆ ಕಂಡ ಪುಟ ನಿನ್ನೊಬ್ಬಳ ಕಣ್ಣಿಗೆ ಕಾಣಲಿಲ್ಲವಾ ಅಂತ ನಾನು ಹಂಗಿಸಿದೆ. ಫಲಿತಾಂಶ ಬಂದಾಗ ಆ ಪಾಠಕ್ಕೆ ಅವರಿಗೆಲ್ಲ ಏಳು, ಎಂಟು, ಒಂಬತ್ತು, ನಿನಗೆ ಸೊನ್ನೆ. ಬರೀ ಆರು ಅಂಕಕ್ಕೆ ವಿಜ್ಞಾನ ವಿಭಾಗ ಕೈತಪ್ಪಿತು. ನಿನ್ನನ್ನು ದರದರ ಎಳೆದುಕೊಂಡು ಹೋಗಿ ಹೆಡ್‌ಮಾಸ್ಟರ ಮುಂದೆ ನಿಲ್ಲಿಸಿ, ಸುಳ್ಳು ಹೇಳಿದೆ ಅಂತ ನಿನ್ನ ಬಾಯಿಂದಲೇ ಹೇಳಿಸಿದೆ. ಆಗಿನ ನಿನ್ನ ಮುಖ ಮರೆಯಲಾಗುತ್ತಿಲ್ಲ.

ಹಾಗಾದರೆ ಉಳಿದವರು ಏನನ್ನು ಓದಿ ಉತ್ತರ ಬರೆದರು? ಇದೇ ತಲೆ ತಿನ್ನುತ್ತಿತ್ತು. ನಿನ್ನ ಕೊಠಡಿಯಲ್ಲೇ ಬರೆದ ನಿನ್ನ ಗೆಳತಿ ಪಟಾಕಿಗೆ ಒಂಬತ್ತು ಬಂದಿತ್ತಲ್ಲ, ಅವಳನ್ನು ದಾರಿಯಲ್ಲಿ ಹಿಡಿದು ಕೇಳಿದೆ. ಬಿದ್ದು ಬಿದ್ದು ನಕ್ಕಳು. “ಪಾಠ ಯಾಕೆ ಬೇಕು ಆಂಟಿ? ಎಲ್ಲಕ್ಕಿಂತ ಉದ್ದ ಇರೋ ಉತ್ತರಕ್ಕೆ ಟಿಕ್ ಹಾಕೋದು. ‘ಯಾವಾಗಲೂ’ ಅಂತಿದ್ರೆ ಅದನ್ನ ಬಿಡೋದು. ಟ್ಯೂಷನ್‌ನಲ್ಲಿ ವರ್ಷಪೂರ್ತಿ ಇದನ್ನೇ ಹೇಳ್ಕೊಟ್ಟಿದ್ದು” ಅಂದಳು. ಪಾಠ ಯಾವುದರ ಬಗ್ಗೆ ಇತ್ತು ಅಂದೆ. “ಅದು ನಂಗೇನ್ ಗೊತ್ತು?” ಅಂದುಬಿಟ್ಟಳು. ಒಂಬತ್ತು ಅಂಕ, ಚಿನ್ನು! ಓದಿ ಅರ್ಥ ಮಾಡಿಕೊಂಡಿದ್ದಕ್ಕಂತೆ!

ನಂಬಿಕೆ ಬರದೆ ಮನೆಯಲ್ಲಿ ನಾನೇ ಪೆನ್ಸಿಲ್ ಹಿಡಿದು ಕೂತೆ. ಏಳನೇ ಕ್ಲಾಸಿಗೇ ಶಾಲೆಗೆ ಕೈಮುಗಿದವಳು ನಾನು. ಪಟಾಕಿ ಹೇಳಿದ ಹಾಗೆ ಟಿಕ್ ಹಾಕುತ್ತಾ ಹೋದೆ. ನ್ಯೂಸ್ ಪೇಪರಿನಲ್ಲಿ ಬಂದಿದ್ದ ಸರಿ ಉತ್ತರಗಳ ಜೊತೆ ಹೋಲಿಸಿದರೆ ಎಂಟು ಸರಿ. ಹೆದರಿಕೆಯಾಯಿತು. ಇಂಥ ಅಂಕ ನೋಡಿಯೇ ಅಲ್ಲವಾ ನಾನು ನಿನ್ನನ್ನು ದಡ್ಡಿ ಅಂದದ್ದು?

ಇವತ್ತು ಬೆಳಿಗ್ಗೆ ಪರೀಕ್ಷಾ ಕಚೇರಿಗೆ ಹೋಗಿದ್ದೆ. ಅಧಿಕಾರಿ ಕಂಪ್ಯೂಟರ್ ನೋಡಿ, ಆ ಕೊಠಡಿಯ ಸರಾಸರಿ ಬೇರೆ ಕೊಠಡಿಗಳಿಗಿಂತ ಜಾಸ್ತಿಯೇ ಇದೆ, ಪುಟ ಇಲ್ಲದ್ದರಿಂದ ಯಾರಿಗೂ ನಷ್ಟವಾಗಿಲ್ಲ ಅಂದರು. ತಮಾಷೆ ಮಾಡುತ್ತಿದ್ದಾರೇನೋ ಅಂತ ಮುಖ ನೋಡಿದೆ. ಇಲ್ಲ. ನನ್ನ ಮಗಳಿಗೆ ಆಗಿದೆಯಲ್ಲ ಸಾರ್ ಅಂದೆ. ಅವಳೂ ಏನಾದರೊಂದು ಗುರುತು ಹಾಕಬಹುದಿತ್ತಲ್ಲಮ್ಮ ಅಂದರು. ರೇಗಿಹೋಗಿ ಮೇಜು ಗುದ್ದಿದೆ. ಕೊನೆಗೆ ನಿನಗೆ ಮರುಪರೀಕ್ಷೆ ಕೊಡಲು ಒಪ್ಪಿದ್ದಾರೆ, ಹದಿನೆಂಟಕ್ಕೆ.

ಬಂದುಬಿಡು ಕಂದ. ಕ್ಷಮಿಸು ಅನ್ನಲು ನಾಚಿಕೆಯಾಗುತ್ತದೆ, ಆದರೂ ಕೇಳುತ್ತಿದ್ದೇನೆ. ಹೆಡ್‌ಮಾಸ್ಟರ ಮುಂದೆಯೂ ಕೇಳುತ್ತೇನೆ. ಆಗ ನೀನು ಪಕ್ಕದಲ್ಲಿರಬೇಕು.

ಇಂತಿ,
ನಿನ್ನ ಬಾಯಿಬಡುಕಿ ಅಮ್ಮ

ತಾ.ಕ.: ಮರೆತದ್ದಲ್ಲ, ಮೇಲೆ ಬರೆಯಲು ಧೈರ್ಯ ಬರಲಿಲ್ಲ. ಅವರು ಒಪ್ಪಿದ್ದು ನಾನು ಮೇಜು ಗುದ್ದಿದ್ದಕ್ಕಲ್ಲ. ತಪ್ಪು ಯಾರದೆಂದು ಪ್ರೆಸ್ಸಿನವರು ಬರೆದುಕೊಟ್ಟರೆ ಮಾತ್ರ ಮರುಪರೀಕ್ಷೆ ಅಂದರು. ಆ ಕಟ್ಟಿನ ಪುಟ ಎಣಿಸಿ ‘ಸರಿಯಿದೆ’ ಅಂತ ಸಹಿ ಹಾಕಿದವಳು ನಾನೇ. ಆವತ್ತು ಕೆಲಸದ ಗಡಿಬಿಡಿ, ಎಣಿಸಿರಲಿಲ್ಲ. ಹಾಗಂತ ಬರೆದುಕೊಟ್ಟು ಬಂದೆ. ಕೆಲಸ ಉಳಿಯುವುದಿಲ್ಲ ಅನಿಸುತ್ತದೆ, ಹೋಗಲಿ ಬಿಡು. ನೀನು ಮಾತ್ರ ಹದಿನೆಂಟರಂದು ಬರೆಯಲು ಶುರು ಮಾಡುವ ಮೊದಲು ಒಂದೊಂದೇ ಪುಟ ಎಣಿಸಿಕೋ. ಅಮ್ಮ ಎಣಿಸಿರುತ್ತಾಳೆ ಅಂತ ನಂಬಿ ಕೂರಬೇಡ.