ಪೆನ್ಸಿಲ್ ಗೆರೆಯವರೆಗೆ ನೀರು

ಮಾರ್ಚ್ 3, ಸೋಮವಾರ. ಬೆಳಗ್ಗೆ 11

ಇವತ್ತೂ ಅಡುಗೆಮನೆಯಲ್ಲೇ ತಲೆ ತೊಳೆದೆ. ಮೇಸ್ತ್ರಿ ಬಾತ್‌ರೂಮಿಗೆ ಎರಡನೇ ಕೋಟ್ ಹೊಡೆದು ಈಗಷ್ಟೇ ಹೋದರು. ಹೊಸ್ತಿಲಿಲ್ಲ, ಮೆಟ್ಟಿಲಿಲ್ಲ. ನೆಲವೆಲ್ಲ ಮೂಲೆಯ ಜಾಲರಿ ಕಡೆಗೆ ಇಳಿಜಾರು, ಮೇಲೆ ಕಪ್ಪು ರಬ್ಬರಿನಂಥ ಪದರ. ಟೈಲ್ಸ್ ಬರೀ ಶೋಕಿ, ನೀರು ತಡೆಯುವುದು ಈ ಪದರವೇ ಅಂತೆ. "ನಾಳೆವರೆಗೂ ಇರುವೆ ಕೂಡ ಕಾಲಿಡಬಾರ್ದು, ಅಕ್ಕಾ."

ಭಾನುವಾರ ನಮ್ಮ ಯಜಮಾನರು ಆಸ್ಪತ್ರೆಯಿಂದ ಬರುತ್ತಾರೆ. ಗಾಲಿಕುರ್ಚಿಯಲ್ಲಿ. ಮೂರು ತಿಂಗಳಿಂದ ನರ್ಸುಗಳೇ ಮೈ ತೊಳೆಯುತ್ತಿದ್ದಾರೆ. ಫೋನ್ ಮಾಡಿದರೆ ಒಂದೇ ಮಾತು — "ಬಾಗ್ಲು ಹಾಕ್ಕೊಂಡು ಒಬ್ನೇ ಸ್ನಾನ ಮಾಡ್ಬೇಕು ಕಣೇ."

ಅದೇ ದಿನ, 3 ಗಂಟೆ

ನನ್ನ ಆತುರಕ್ಕಿಷ್ಟು ಬೆಂಕಿ ಹಾಕ! ಇವರಿಗೆ ತಂದ ಸ್ನಾನದ ಕುರ್ಚಿ ಒಳಗೆ ತಿರುಗುತ್ತದೋ ಇಲ್ಲವೋ ನೋಡೋಣ ಅಂತ ಎಳೆದೆ. ಕುರ್ಚಿಯ ಒಂದು ಕಾಲಿಗೆ ರಬ್ಬರ್ ಬೂಟು ಇರಲಿಲ್ಲ. ಚರ್ರ್... ಪದರಕ್ಕೆ ಗೇಣುದ್ದ ಗೀರು. ಬೆರಳಿಂದ ಒತ್ತಿ ಒತ್ತಿ ಕೂಡಿಸಿದೆ. ಕಾಣುವುದಿಲ್ಲ. ಅಷ್ಟೇನೂ ಕಾಣುವುದಿಲ್ಲ.

ಮಾರ್ಚ್ 4, ಮಧ್ಯಾಹ್ನ

ಮೇಸ್ತ್ರಿ ಜಾಲರಿಯ ಬಾಯಿಗೆ ಬಿರಡೆ ಜಡಿದು, ಬಾಗಿಲಿಗೆ ಅಡ್ಡ ಕಟ್ಟೆ ಕಟ್ಟಿ, ನಾಲ್ಕು ಬೆರಳು ನೀರು ನಿಲ್ಲಿಸಿದರು. ಗೋಡೆಗೆ ಪೆನ್ಸಿಲ್ ಗೆರೆ. ಎರಡು ದಿನ ಇಳಿಯದಿದ್ದರೆ ಪಾಸು. ಇಳಿದರೆ ಕೆಳಗಿನ ಮನೆ ಅಜ್ಜಿಯ ಸೀಲಿಂಗಿಗೆ. ಹೋದ ವರ್ಷ ನಮ್ಮ ಹಳೇ ಬಾತ್‌ರೂಮ್ ಸೋರಿ ಅವರ ಮಂಚದ ಮೇಲೆ ಗಾರೆ ಕಳಚಿ ಬಿದ್ದಿತ್ತು. ಅಜ್ಜಿ ಅಡುಗೆಮನೆಯಲ್ಲಿದ್ದರು, ಬಚಾವು.

ಮಾರ್ಚ್ 5, ಬೆಳಗ್ಗೆ 7

ಒಂದು ಬೆರಳು ಇಳಿದಿದೆ.

7.30

ಸುರಿದೆ. ಗೆರೆಯವರೆಗೆ. ಎರಡು ಬಕೆಟ್, ಮೇಲೊಂದು ಮಗ್ಗು. ಈಗ ಹೇಳಿದರೆ ಮತ್ತೆ ಕೋಟ್, ಮತ್ತೆ ಒಣಗಬೇಕು, ಮತ್ತೆ ನೀರು. ಭಾನುವಾರ ಕೈಬಿಟ್ಟಂತೆಯೇ. ಇದೊಂದು ಸಲ.

ಸಂಜೆ ಮತ್ತೊಂದು ಬಕೆಟ್. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ.

ಮಾರ್ಚ್ 6, ಮಧ್ಯಾಹ್ನ

ಮೇಸ್ತ್ರಿ ಬಗ್ಗಿ ನೋಡಿದರು. ಮತ್ತೆ ನೋಡಿದರು.

"ಕೂದಲೆಳೆಯಷ್ಟೂ ಇಳಿದಿಲ್ವಲ್ಲ ಅಕ್ಕಾ! ಗಾಳಿಗಾದ್ರೂ ಒಂಚೂರು ಆರ್ಬೇಕಿತ್ತು. ಯಾರಾದ್ರೂ ನೀರುಗೀರು ಬಿಟ್ರಾ?"

"ಯಾರು ಬಿಡ್ತಾರೆ? ನಾನೇನು ಕೆಲ್ಸ ಇಲ್ದೆ ಕೂತಿದೀನಾ?" ದನಿ ಜೋರಾಯಿತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ. ಆದರೂ ನಂಬಿದರು, ಪಾಪ. ನಗುತ್ತಾ ಅಂಗೈ ನೋಡಿಕೊಂಡರು — "ಹಂಗಾದ್ರೆ ನನ್ ಕೈಗುಣ."

ಬಿರಡೆ ಕಿತ್ತರು. ನೀರು ಗಳಗಳನೆ ಹೋಯಿತು. ನಾಳೆ ಟೈಲ್ಸ್.

ಮಾರ್ಚ್ 7, ಬೆಳಗ್ಗೆ 9

ತಡೆಯಲಾರದೆ ಕೆಳಗೆ ಹೋದೆ. ಸೀಲಿಂಗಿನಲ್ಲಿ ಅಂಗೈಯಗಲ ತೇವ. ಅಜ್ಜಿಗೆ ಕಣ್ಣು ಮಂಜು, ಕಂಡಿಲ್ಲ. "ಮೇಸ್ತ್ರಿ ಹೇಳಿದ್ರಮ್ಮ, ಇನ್ನೊಂದು ತೊಟ್ಟೂ ಬೀಳಲ್ವಂತೆ. ಮಂಚ ಮತ್ತೆ ಅಲ್ಲಿಗೇ ಎಳೆಸ್ದೆ."

ತೇವದ ನೇರ ಕೆಳಗೆ ತಲೆದಿಂಬು.

9.40

ಮೇಲೆ ಬಂದು ಮೇಸ್ತ್ರಿಗೆ ಹೇಳಿದೆ. ಗೀರು, ಬಕೆಟ್, ಎಲ್ಲ. ಮೇಸ್ತ್ರಿ ಕರಣೆ ಕೆಳಗಿಟ್ಟರು. ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು. "ನಾಳೆ ಸೋರಿದ್ರೆ ಎಲ್ರೂ ನನ್ನನ್ನೇ ಅನ್ನೋರು, ಅಕ್ಕಾ. ನಿಮ್ಮನ್ನಲ್ಲ." ನಾಚಿಕೆಯಿಂದ ಕುಗ್ಗಿಹೋದೆ.

ಇಬ್ಬರೂ ಹೋಗಿ ಅಜ್ಜಿಯ ಮಂಚ ಸರಿಸಿ ಬಂದೆವು. ಈಗ ಗೀರಿನ ಸುತ್ತ ಪದರ ಕತ್ತರಿಸಿ ತೆಗೆಯುತ್ತಿದ್ದಾರೆ. ಇನ್ನೊಂದು ವಾರ.

10.15

ಇವರಿಗೆ ಫೋನ್ ಮಾಡಿದೆ. ಪದರ ಹರಿದಿದೆ, ಭಾನುವಾರ ಆಗಲ್ಲ ಅಂದೆ. ಅಷ್ಟೇ ಅಂದೆ.

"ಇನ್ನೂ ಒಂದ್ವಾರ ನರ್ಸುಗಳ ಕೈಲೇ ಮೈ ತೊಳಿಸ್ಕೋಬೇಕಾ?"

ಆಮೇಲೆ ಸಿಟ್ಟು. "ಆ ಮೇಸ್ತ್ರಿಗೆ ಕೊಡು ಫೋನು. ಮಾಡೋ ಕೆಲ್ಸ ನೆಟ್ಟಗೆ ಮಾಡಕ್ಕಾಗಲ್ವಾ ಅಂತ ಕೇಳ್ತೀನಿ."

ಮೇಸ್ತ್ರಿ ಎರಡು ಮಾರು ದೂರದಲ್ಲಿ ಮಂಡಿಯೂರಿದ್ದರು. ಫೋನಿನ ದನಿ ಅವರಿಗೂ ಕೇಳಿಸಿತು. ತಲೆಯೆತ್ತಲಿಲ್ಲ. ಕಟ್ ಮಾಡಿಬಿಟ್ಟೆ.

ಮತ್ತೆ ರಿಂಗ್. ಇವರೇ. ಈ ಸಲ ಹೇಳುತ್ತೇನೆ, ಮೇಸ್ತ್ರಿಗೂ ಕೇಳಿಸುವ ಹಾಗೆ — ಕುರ್ಚಿ ಎಳೆದವಳು ನಾನು, ನೀರು ಸುರಿದವಳೂ ನಾನೇ.