ಒಂದು ಲಕ್ಷದ ಮೂವತ್ತೊಂದು ಸಾವಿರದ ಎಪ್ಪತ್ತೊಂದು

ಅಜ್ಜಂಪುರ
18-11-1979, ಭಾನುವಾರ

ಓಂಕಾರಮೂರ್ತಿಯವರಿಗೆ ವಿಶಾಲಾಕ್ಷಿಯ ನಮಸ್ಕಾರಗಳು.

ಗಂಡನ ಹೆಸರು ಬರೆದರೆ ಅವನ ಆಯುಷ್ಯ ಕಡಿಮೆಯಾಗುತ್ತದೆ ಎನ್ನುತ್ತಾರೆ ಅತ್ತೆ. ಬರೆದಿದ್ದೇನೆ. ನಿಮ್ಮ ಆಯುಷ್ಯ ಅಷ್ಟು ಸಡಿಲವಲ್ಲ.

ಶನಿವಾರದೊಳಗೆ ಕಡೂರಿಗೆ ಬರದಿದ್ದರೆ ಆಮೇಲೆ ಬರುವುದೇ ಬೇಡ ಎಂದು ಮಾವ ನಿಮ್ಮ ಕೈಲಿ ಹೇಳಿ ಕಳಿಸಿದ್ದರು. ನಿನ್ನೆ ಶನಿವಾರ ಕಳೆಯಿತು. ನಾನು ಬರಲಿಲ್ಲ, ತರೀಕೆರೆಯ ಕಾಲೇಜಿಗೆ ಹೋದೆ. ಬಿ.ಎಸ್ಸಿ. ಮುಗಿಸಲು ಬಿಡುತ್ತೇವೆ ಎಂದು ನಿಶ್ಚಿತಾರ್ಥದಲ್ಲಿ ಒಪ್ಪಿದವರು ನೀವು. ಮದುವೆಯಾದ ಮೇಲೆ ಮರೆತವರೂ ನೀವೇ. ನಾನು ಮರೆಯಲಿಲ್ಲ. ಅದಕ್ಕೇ ತವರಿಗೆ ಬಂದೆ.

ಹೋದ ವಾರ ನೀವು ನಮ್ಮ ಜಗುಲಿಯಲ್ಲಿ ಕುಳಿತು, ಅಕ್ಕಪಕ್ಕದವರೆಲ್ಲ ಕೇಳುವಂತೆ, "ಯಾವುದ್ರಿಂದ್ಲೂ ಭಾಗ ಆಗ್ದಿರೋ ನಂಬರ್ ಹುಡುಕ್ಕೊಂಡು ಕೂತಿದ್ಯಲ್ಲ, ಅದೇನು ಹೊಟ್ಟೆ ತುಂಬ್ಸುತ್ತಾ?" ಎಂದಿರಿ. ಈಗ ಹೇಳುತ್ತೇನೆ: ತುಂಬಿಸುವುದಿಲ್ಲ. ಕೊಬ್ಬರಿ ಮಂಡಿಯಿಂದ ಬಂದು ನೀವು ರೇಡಿಯೋ ಹಾಡು ಕೇಳುತ್ತೀರಲ್ಲ, ಅದೂ ತುಂಬಿಸುವುದಿಲ್ಲ.

ನಿನ್ನೆ ಗಣಿತ ಸಂಘದಲ್ಲಿ ನನ್ನ ಭಾಷಣವಿತ್ತು. ಹದಿನೇಳು ಎರಡುಗಳನ್ನು ಗುಣಿಸಿ ಒಂದು ಕಳೆದರೆ 1,31,071. ಅದು ಅವಿಭಾಜ್ಯ ಸಂಖ್ಯೆ ಎಂದು ತೋರಿಸಬೇಕಿತ್ತು. ಸುಮ್ಮನೆ ಒಂದೊಂದರಿಂದ ಭಾಗಿಸುತ್ತ ಹೋದರೆ ಬೋರ್ಡು ಸಾಲದು. ಆದರೆ ಈ ಸಂಖ್ಯೆಗೊಂದು ಗುಣವಿದೆ. ಇದನ್ನು ಭಾಗಿಸುವ ಅವಿಭಾಜ್ಯ ಯಾವುದಾದರೂ ಇದ್ದರೆ, ಅದನ್ನು ಮೂವತ್ತನಾಲ್ಕರಿಂದ ಭಾಗಿಸಿದಾಗ ಒಂದು ಉಳಿಯಲೇಬೇಕು. ವರ್ಗಮೂಲದವರೆಗೆ ಹುಡುಕಿದರೆ ಸಾಕು, ಅಲ್ಲಿಯವರೆಗೆ ಅಂಥವು ನಾಲ್ಕೇ: 103, 137, 239, 307. ನಾಲ್ಕರಿಂದಲೂ ಎಲ್ಲರೆದುರು ಭಾಗಿಸಿದೆ. 55 ಉಳಿಯಿತು, 99 ಉಳಿಯಿತು, ಮತ್ತೆ 99, ಕೊನೆಗೆ 289. ನನ್ನ ಸಂಖ್ಯೆ ಯಾರಿಗೂ ಬಗ್ಗಲಿಲ್ಲ.

ಈ ಸೂತ್ರ ಕಲಿಸಿದ ಶ್ರೀನಿವಾಸಮೂರ್ತಿ ಮೇಷ್ಟ್ರು ಎದ್ದು ನಿಂತು, "ಮೈಸೂರಿಗೆ ಎಂ.ಎಸ್ಸಿ.ಗೆ ಅರ್ಜಿ ಹಾಕಮ್ಮ" ಎಂದರು. "ಹಾಕ್ತೀನಿ ಸಾರ್" ಎಂದೆ. ಮನೆಯಲ್ಲಿ ಕೇಳಿ ಹೇಳುತ್ತೇನೆ ಎನ್ನಲಿಲ್ಲ.

ಶುಕ್ರವಾರ ಅಮ್ಮ ನನ್ನ ಸೀರೆಗಳನ್ನೆಲ್ಲ ಟ್ರಂಕಿಗೆ ತುಂಬಿ, ಗಂಡನ ಮನೆಗೆ ನಡಿ ಎಂದು ಅತ್ತಿದ್ದಳು. ನಿನ್ನೆ ಬೆಳಿಗ್ಗೆ ಅದೇನನ್ನಿಸಿತೋ, ನನ್ನ ಜೊತೆ ತರೀಕೆರೆ ಬಸ್ಸು ಹತ್ತಿದಳು. ಸೆರಗು ಹೊದ್ದು ಕೊನೆಯ ಬೆಂಚಿನಲ್ಲಿ ಕುಳಿತಳು. ವಾಪಸು ಬರುವಾಗ, "ನಂಗೊಂದೂ ಅರ್ಥ ಆಗ್ಲಿಲ್ಲ ಕಣೇ. ಅಷ್ಟು ಜನದ ಮುಂದೆ ನೀನು ನಡುಗ್ಲಿಲ್ಲ. ನಿಮ್ಮಾವನ ಮುಂದೆ ಯಾಕೆ ನಡುಗ್ತಿದ್ದೆ?" ಎಂದು ಕೇಳಿದಳು. ಸೀರೆಗಳು ಮತ್ತೆ ಗೂಟಕ್ಕೆ ಬಂದಿವೆ.

ಪರೀಕ್ಷೆ ಮುಗಿಯುವವರೆಗೆ ನಾನಿಲ್ಲೇ ಇರುತ್ತೇನೆ. ಆಮೇಲೆ ಬಂದರೂ ಓದುವವಳಾಗಿಯೇ ಬರುತ್ತೇನೆ. ಬೇರೆ ಹೆಣ್ಣು ನೋಡುವುದಾದರೆ ಮಾವನ ಮಾತು ಹೊತ್ತುಕೊಂಡು ಬರಬೇಡಿ. ನಿಮ್ಮ ಮಾತಾಗಿ ನೀವೇ ಹೇಳಿ.

ಇಂತಿ,
ಇನ್ನೂ ನಿಮ್ಮ ಹೆಂಡತಿಯಾಗಿರುವ
ವಿಶಾಲಾಕ್ಷಿ

ತಾ.ಕ.: ನಿನ್ನೆ ಕಿಟಕಿಯಾಚೆ ವರಾಂಡದ ಕಂಬಕ್ಕೆ ಮರೆಯಾಗಿ ನಿಂತಿದ್ದವರು ನೀವೆಂದು ನನಗೆ ಗೊತ್ತು. 307ಕ್ಕೆ ಬಂದಾಗ ದನಿ ಏರಿಸಿದ್ದು ನಿಮಗೆ ಕೇಳಲಿ ಎಂದೇ. ಇನ್ನೊಮ್ಮೆ ಬರುವುದಾದರೆ ಮನೆಯಲ್ಲಿ ಹೇಳಿಯೇ ಬನ್ನಿ, ಒಳಗೆ ಬಂದು ಕುಳಿತುಕೊಳ್ಳಿ.