ಕನ್ನಡಕದ ಡಬ್ಬಿಯಲ್ಲಿ ಐದು ಸೂಜಿ

ಮಂಗಳವಾರ, ಸೆಪ್ಟೆಂಬರ್ ೯

ನನ್ನ ಡ್ರೈವರಮ್ಮನಿಗೆ ಅಕ್ಕರೆಯ ಆಶೀರ್ವಾದ.

ನಿನ್ನ ಕಾಗದ ನಿನ್ನೆ ಕೈಸೇರಿತು. ವರ್ಷದ ಮೇಲೆ ಬರೆದಿದ್ದೀಯ, ಅದೂ ನಾಲ್ಕೇ ಸಾಲು, ಅದರಲ್ಲಿ ಮೂರು ಸೂಜಿದಾರದ ಬಗ್ಗೆ. ಮೊದಲ ಸಾಲಿನಲ್ಲಿ 'ಅತ್ತೆ' ಎಂದು ಬರೆದು, ಹೊಡೆದುಹಾಕಿ, ಬರೀ 'ನಮಸ್ಕಾರ' ಎಂದಿದ್ದೀಯ. ಯಾಕಮ್ಮ? ವಿಚ್ಛೇದನದ ಕಾಗದಕ್ಕೆ ಸಹಿ ಹಾಕಿದವರು ನೀನು ಮತ್ತು ನನ್ನ ಮಗರಾಯ. ನನ್ನ ಸಹಿ ಯಾರೂ ಕೇಳಲಿಲ್ಲ, ಕೇಳಿದ್ದರೂ ನಾನು ಹಾಕುತ್ತಿರಲಿಲ್ಲ. ಹಾಗಾಗಿ ನಾನು ಇನ್ನೂ ಅತ್ತೆಯೇ.

ಬಸ್ಸಿನ ಸ್ಟೇರಿಂಗ್ ತಿರುಗಿಸಿ ತಿರುಗಿಸಿ ಯೂನಿಫಾರ್ಮ್ ಅಂಗಿಯ ಕಂಕುಳ ಹೊಲಿಗೆ ಬಿಟ್ಟುಹೋಗುತ್ತಿದೆ, ಹೊಸ ಮನೆಯಲ್ಲಿ ಒಂದು ಸೂಜಿಯೂ ಇಲ್ಲ, ಏನೇನು ತಂದಿಟ್ಟುಕೊಳ್ಳಲಿ ಎಂದು ಕೇಳಿದ್ದೀಯ. ಏನೂ ತರಬೇಡ. ಎಲ್ಲ ನಾನೇ ಜೋಡಿಸಿ ಇದರ ಜೊತೆ ಕಳಿಸಿದ್ದೇನೆ. ಅಂಗಡಿಯ ರೆಡಿಮೇಡ್ ಕಿಟ್‌ನಲ್ಲಿ ಹದಿನಾರು ಬಣ್ಣದ ದಾರ ಇರುತ್ತದೆ, ಎಳೆದರೆ ಒಂದೂ ನಿಲ್ಲುವುದಿಲ್ಲ.

ಡಬ್ಬಿ ನಿನ್ನ ಮಾವನ ಹಳೆಯ ಕನ್ನಡಕದ್ದು, ಜೇಬಿನಲ್ಲಿ ಹಿಡಿಸುತ್ತದೆ. ಐದು ಸೂಜಿ ಇವೆ. ದಪ್ಪನೆಯದು ಜೀನ್ಸಿಗೆ, ಚೀಲಕ್ಕೆ. ನಡುವಿನ ಎರಡು ಅಂಗಿಗೆ. ತೀರ ಸಣ್ಣದನ್ನು ನೀನು ಹೇಗೂ ಮುರಿಯುತ್ತೀಯ, ಅದಕ್ಕೇ ಅದೂ ಎರಡಿಟ್ಟಿದ್ದೇನೆ. ದಾರ ಬಿಳಿ, ಕಪ್ಪು, ನಿನ್ನ ಯೂನಿಫಾರ್ಮಿನ ನೀಲಿ, ಮತ್ತೆ ಬೂದು. ಹೊಂದುವ ಬಣ್ಣ ಸಿಗದಿದ್ದರೆ ಬೂದು ಹಾಕು, ಕಣ್ಣಿಗೆ ಹೊಡೆಯುವುದಿಲ್ಲ. ಪುಟ್ಟ ಕತ್ತರಿ, ಪಿನ್ನುಗಳು, ಆರು ಗುಂಡಿ, ಒಂದಷ್ಟು ಹುಕ್ಕು ಇವೆ. ಸವೆದ ಸೋಪಿನ ಚೂರು ಬಟ್ಟೆಯ ಮೇಲೆ ಗುರುತು ಹಾಕಲು, ಕಸವೆಂದು ಎಸೆದುಬಿಟ್ಟೀಯ ಮತ್ತೆ! ನೀಲಿ ಬಟ್ಟೆಯ ಎರಡು ಚೌಕ ಕಂಕುಳಿಗೆ. ಬರೀ ಹೊಲಿದರೆ ಅದು ಮತ್ತೆ ಬಿಡುತ್ತದೆ. ಬಿಟ್ಟುಕೊಂಡ ಕಡೆ ಚೌಕವನ್ನು ಕೂರಿಸಿ ಸುತ್ತಲೂ ಹೊಲಿ, ಆಗ ಎಷ್ಟು ದೊಡ್ಡ ತಿರುವು ಬಂದರೂ ತೋಳು ಎಳೆಯುವುದಿಲ್ಲ.

ಹೊಲಿಗೆ ಬಿಚ್ಚುವ ಕೊಕ್ಕೆಯೊಂದನ್ನು ಮಾತ್ರ ಇಟ್ಟಿಲ್ಲ. ಇಷ್ಟು ಹೊತ್ತು ಸುತ್ತಿ ಬಳಸಿ ಬರೆದಿದ್ದೂ ಆ ವಿಷಯಕ್ಕೆ ಬರಲು ಧೈರ್ಯ ಸಾಲದೆಯೇ.

ನೀನು ಬೆಳಗಿನ ಪಾಳಿಗೆ ಹೊರಟ ಮೇಲೆ, ನೀನು ಹಾಕಿದ ಗುಂಡಿ, ಮಡಿಚಿ ಹೊಲಿದ ಅಂಚು, ಎಲ್ಲವನ್ನೂ ನಾನು ಬಿಚ್ಚಿ ಮತ್ತೆ ಹೊಲಿಯುತ್ತಿದ್ದೆ. ಆಸ್ಪತ್ರೆಯ ಬಟ್ಟೆ ಕೋಣೆಯಲ್ಲಿ ಮೂವತ್ತೊಂದು ವರ್ಷ ಹರಿದ ಹೊದಿಕೆ ಹೊಲಿದವಳು ನಾನು. ಅಲ್ಲಿ ಹೊಸಬರ ಹೊಲಿಗೆಯನ್ನು ಹಳಬರು ಎಳೆದು ನೋಡುವುದು, ಸರಿಯಿಲ್ಲದಿದ್ದರೆ ಬಿಚ್ಚಿ ಹೊಲಿಯುವುದು ರೂಢಿ. ಯಾರೂ ಮುಖ ಊದಿಸಿಕೊಳ್ಳುತ್ತಿರಲಿಲ್ಲ. ಮನೆಯಲ್ಲೂ ಹಾಗೇ ಅಂದುಕೊಂಡೆ. ಸೊಸೆಗೆ ಎಷ್ಟು ಸಹಾಯ ಮಾಡುತ್ತಿದ್ದೇನೆ ಎಂದು ಒಳಗೊಳಗೇ ಬೀಗುತ್ತಿದ್ದೆ ಬೇರೆ.

ಒಂದು ದಿನ ಕಸ ಗುಡಿಸುವಾಗ ಆ ದಾರದ ತುಣುಕುಗಳು ನಿನಗೆ ಸಿಕ್ಕಿದವು. "ಈ ಮನೇಲಿ ನಾನು ಮಾಡಿದ್ದು ಒಂದಾದ್ರೂ ಹಾಗೇ ಉಳಿಯುತ್ತಾ, ಅತ್ತೆ?" ಎಂದು ಕೇಳಿದೆ. ನಾನು ಕಿವಿ ಕೇಳದವಳ ಹಾಗೆ ಒಲೆಯ ಕಡೆ ತಿರುಗಿದೆ. ಆಮೇಲೆ ನೀನು ಸೂಜಿ ಮುಟ್ಟಲಿಲ್ಲ, ನನ್ನ ಹತ್ತಿರ ಕೂತು ಮಾತಾಡುವುದನ್ನೂ ಬಿಟ್ಟೆ.

ನೀನು ಮನೆ ಬಿಟ್ಟಿದ್ದು ಅದಕ್ಕಲ್ಲ, ಗೊತ್ತು. ಅವನ ತಪ್ಪು ಎಷ್ಟೆಂದು ಹೆತ್ತವಳಿಗೆ ಬೇರೆಯವರು ಹೇಳಬೇಕಾಗಿಲ್ಲ. ಆದರೆ ಆ ದಿನಗಳಲ್ಲಿ ನಿನ್ನ ಕಷ್ಟ ಹೇಳಿಕೊಳ್ಳಲು ಮನೆಯಲ್ಲಿ ಒಬ್ಬರಾದರೂ ಇರಬೇಕಿತ್ತು. ಆ ಒಬ್ಬಳು ನಾನಾಗಬಹುದಿತ್ತು. ತಪ್ಪಾಯಿತು ಮಗಳೇ.

ಕೊಕ್ಕೆಯನ್ನು ನಿನ್ನೆ ಸಂಜೆ ಎದುರುಮನೆ ಟೈಲರಿಗೆ ಕೊಟ್ಟುಬಿಟ್ಟೆ. "ಯಾಕಜ್ಜಿ, ಕಣ್ಣು ಹೋಯ್ತಾ?" ಅಂದ, ಪುಣ್ಯಾತ್ಮ. "ಇಲ್ಲಪ್ಪ, ಈಗ ಬಂತು" ಅಂದೆ. ಅವನಿಗೇನೂ ಅರ್ಥವಾಗಲಿಲ್ಲ, ಪಾಪ.

ಸೋಮವಾರ ನಿನಗೆ ರಜೆಯಂತೆ. ಮಗರಾಯ ಅವತ್ತು ಸಂಜೆ ಏಳರವರೆಗೆ ಕೆಲಸದಲ್ಲಿರುತ್ತಾನೆ. ಅವನ ಹೆಂಡತಿಯಾಗಿ ಬಾ ಎಂದು ಕರೆಯುತ್ತಿಲ್ಲ, ಆ ಮಾತು ಎತ್ತುವುದೂ ಇಲ್ಲ. ನನ್ನನ್ನು ನೋಡಲು ಬಾ. ನೀನಿಲ್ಲದೆ ನನಗೆ ತುಂಬಾ ಬೇಸರ ಕಣೇ. ಬರಲು ಮನಸ್ಸಿಲ್ಲದಿದ್ದರೆ ಆಗಾಗ ನಾಲ್ಕು ಸಾಲು ಬರೆ, ಸೂಜಿದಾರದ ಬಗ್ಗೆಯೇ ಆದರೂ ಪರವಾಗಿಲ್ಲ.

ಇಂತಿ,
ನಿನ್ನ ಅತ್ತೆ

ತಾ.ಕ.: ಇದನ್ನು ಬರೆಯದೆ ಕವರು ಅಂಟಿಸಲು ಕೈ ಬರಲಿಲ್ಲ. ಮುಂದಿನ ಕೋಣೆಯ ಕಿಟಕಿಗೆ ನೀನು ಹೊಲಿದ ಹಳದಿ ಪರದೆಯ ಅಂಚು ಸೊಟ್ಟಗಿತ್ತಲ್ಲ, ನೀನು ಮನೆ ಬಿಟ್ಟ ವಾರವೇ ಅದನ್ನೂ ಬಿಚ್ಚಿ ನೆಟ್ಟಗೆ ಹೊಲಿದುಬಿಟ್ಟಿದ್ದೆ. ಆಮೇಲೆ ಅದನ್ನು ನೋಡಿದಾಗಲೆಲ್ಲ ಮನೆಯಲ್ಲಿ ನಿನ್ನದು ಅಂತ ಏನೂ ಉಳಿದಿಲ್ಲ ಅನ್ನಿಸತೊಡಗಿತು. ಹೋದ ತಿಂಗಳು ಮತ್ತೆ ಬಿಚ್ಚಿ, ನಿನ್ನ ಹಾಗೇ ಹೊಲಿಯಲು ಕೂತೆ. ಮೂರು ಸಲ ಹೊಲಿದೆ, ಮೂರು ಸಲ ಬಿಚ್ಚಿದೆ. ನಿನ್ನ ಹೊಲಿಗೆ ನನ್ನ ಕೈಗೆ ಬರುತ್ತಿಲ್ಲ. ಈಗ ಪರದೆಗೆ ಅಂಚೇ ಇಲ್ಲ, ನೂಲು ಬಿಡುತ್ತಿದೆ. ನೀನೇ ಬಂದು ಹೊಲಿದುಕೊಡು.